ಮಲಾವಿಗೆ ನೀರು–ಶೌಚಾಲಯ ಸಮೀಕ್ಷೆಗೆ ಹೊರಟಿದ್ದೇವೆ: ಹೋಗುವ ಮುಂಚೆ ಏನೇನು ತಿಳಿದಿರಬೇಕು?

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಪರಿಸರ ಎಂಜಿನಿಯರಿಂಗ್ ಎಂಎಸ್ ಓದ್ತಿದೀನಿ. ನಮ್ಮ ಯೂನಿವರ್ಸಿಟಿಯ ವಿದ್ಯಾರ್ಥಿ ಸ್ವಯಂಸೇವಕರ ತಂಡ ಆಗಸ್ಟ್‌ನಲ್ಲಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋಗ್ತಿದೆ. ದಕ್ಷಿಣದ ಜೊಂಬಾ ಜಿಲ್ಲೆಯಲ್ಲಿ, ಚಿಲ್ವಾ ಸರೋವರದ ಕಡೆಗೆ ಇಳಿಯೋ ಬಯಲಲ್ಲಿ, ಒಂದಕ್ಕೊಂದು ಅಂಟಿಕೊಂಡಿರೋ ಕೆಲವು ಹಳ್ಳಿಗಳು. ಈ ಸಲ ಏನೂ ಕಟ್ಟೋದಿಲ್ಲ, ಬರೀ ಸಮೀಕ್ಷೆ. ನೀರು ಎಲ್ಲಿಂದ ತರ್ತಾರೆ, ಸಾಲುತ್ತಾ, ಕುಡಿಯೋಕೆ ಆಗುತ್ತಾ, ಶೌಚಾಲಯಗಳ ಸ್ಥಿತಿ ಏನು, ಇಷ್ಟು ನೋಡಿಕೊಂಡು ಬರಬೇಕು.

ಅಲ್ಲಿನ ಸ್ಥಳೀಯ ಸಂಸ್ಥೆ ಕಳಿಸಿದ ಪತ್ರದ ಪ್ರಕಾರ ಮೂರು ಕೈಪಂಪು ಇವೆ, ಒಂದು ನಿಂತುಹೋಗಿದೆ, ಇನ್ನೊಂದರ ನೀರನ್ನ ಜನ ಕುಡಿಯಲ್ಲ. ಹೊಸ ಬೋರ್‌ವೆಲ್ ಬೇಕು ಅಂತ ಬೇಡಿಕೆ. ನಮ್ಮ ತಂಡದಲ್ಲಿ ಅರ್ಧ ಜನಕ್ಕೆ ಬೋರ್‌ವೆಲ್ ವಿನ್ಯಾಸದ್ದೇ ತಲೆಯಲ್ಲಿ ಓಡ್ತಿದೆ. ಮನೆಮನೆ ಸಮೀಕ್ಷೆ ಮತ್ತು ನೀರಿನ ಪರೀಕ್ಷೆ ನನ್ನ ಪಾಲಿಗೆ ಬಂದಿದೆ. ಪ್ರಶ್ನಾವಳಿ ಹೇಗಿರಬೇಕು, ಯಾವ ಕಿಟ್ ಒಯ್ಯಬೇಕು, ನಮ್ಮ ತಲೆಗೇ ಹೊಳೆಯದಿರೋದು ಏನು? ಬೋರ್ ಕೆಟ್ಟು ನಿಂತ ಊರುಗಳಲ್ಲಿ ಬೆಳೆದವರು ಇಲ್ಲಿ ಬೇಕಾದಷ್ಟು ಮಂದಿ ಇದೀರ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ಸಂದೇಹಿ

ಒರಟಾಗಿ ಕೇಳ್ತೀನಿ, ಬೇಜಾರಾಗಬೇಡಿ. ನಿಮ್ಮ ಇಡೀ ತಂಡದ ವಿಮಾನದ ಟಿಕೆಟ್ ದುಡ್ಡು ಸೇರಿಸಿದರೆ ಆ ಊರುಗಳ ಪಂಪುಗಳನ್ನ ಎಷ್ಟೋ ವರ್ಷ ರಿಪೇರಿ ಮಾಡಿಸಬಹುದು. ಮಲಾವಿಯಲ್ಲೇ ಎಂಜಿನಿಯರುಗಳಿದ್ದಾರೆ, ಜಿಲ್ಲಾ ನೀರಿನ ಇಲಾಖೆ ಇದೆ. ನೀವು ಹೋಗಲೇಬೇಕಾ? ಇದು ಅವರ ಅಗತ್ಯವೋ, ನಿಮ್ಮ ರೆಸ್ಯುಮೆಯ ಅಗತ್ಯವೋ?

ದಾವಣಗೆರೆ_ಬೆಣ್ಣೆ

ಎರಡೂ ಅಂತಲೇ ಇಟ್ಕೊಳ್ಳಿ. ಆದರೆ ಹೋಗದೆ ಕೂತರೂ ಇಲ್ಲಿ ಏನಾಗುತ್ತೆ ಗೊತ್ತಾ? ಗೂಗಲ್ ಅರ್ಥ್ ನೋಡಿಕೊಂಡು ಡಿಸೈನ್ ಮಾಡಿ, ಗುತ್ತಿಗೆದಾರನಿಗೆ ದುಡ್ಡು ಕಳಿಸಿ, ಫೋಟೋ ತರಿಸಿಕೊಂಡು ಮುಗಿಸಿಬಿಡ್ತಾರೆ. ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್‌ನ ಅಮೆರಿಕ ಶಾಖೆ (ಸ್ವಯಂಸೇವಕ ಎಂಜಿನಿಯರುಗಳ ಸಂಸ್ಥೆ ಅದು) 2002ರಲ್ಲಿ ಶುರುವಾದದ್ದು. ಒಂದು ಊರಿಗೆ ಕೈಹಾಕಿದರೆ ಐದು ವರ್ಷ ಅಲ್ಲೇ ಕೆಲಸ ಮಾಡಬೇಕು, ಕಟ್ಟೋ ಮುಂಚೆ ಸಮೀಕ್ಷೆ ಆಗಲೇಬೇಕು ಅಂತ ಅವರು ಇಟ್ಟುಕೊಂಡಿರೋ ಪದ್ಧತಿಯನ್ನೇ ನಾವೂ ಹಿಡಿದಿದ್ದೀವಿ. ಸಮೀಕ್ಷೆ ಮುಗಿದ ಮೇಲೆ "ಇಲ್ಲಿ ನಮ್ಮ ಕೆಲಸ ಇಲ್ಲ" ಅಂತ ಬರೆದು ಕೊಡೋಕೂ ಅವಕಾಶ ಇದೆ. ಹಾಗೆ ಬರೆಯೋ ಧೈರ್ಯ ನಮ್ಮ ತಂಡಕ್ಕೆ ಇದೆಯಾ ಅನ್ನೋದು ಬೇರೆ ಮಾತು.

ಬ್ಲಾಂಟೈರ್_ಭಟ್ರು

ಆ ಊರಿನ ಹತ್ತಿರವೇ ಬಹಳ ಕಾಲ ಇದ್ದವ ನಾನು, ಬ್ಲಾಂಟೈರಿನಲ್ಲಿ ಬಿಡಿಭಾಗಗಳ ವ್ಯಾಪಾರ. ಕೆಲವು ವಿಷಯ ಹೇಳ್ತೇನೆ.

ನೀವು "ಕೈಪಂಪು" ಅಂದಾಗ ನಮ್ಮ ಊರಿನ ಸರ್ಕಾರಿ ಬೋರಿಂಗ್, ಅಂದರೆ ಇಂಡಿಯಾ ಮಾರ್ಕ್ 2, ಕಣ್ಣಿಗೆ ಬರ್ತದೆ. ಮಲಾವಿಯಲ್ಲಿ ಹೆಚ್ಚಾಗಿ ಇರುವುದು ಅಫ್ರಿಡೆವ್. 1980ರ ದಶಕದಲ್ಲಿ ಮಲಾವಿ, ಕೀನ್ಯಾದಲ್ಲೇ ಬೆಳೆಸಿದ ಮಾದರಿ ಅದು. ಊರಿನವರೇ ಬಿಚ್ಚಿ ಕಟ್ಟಬೇಕು ಅಂತಲೇ ಮಾಡಿದ್ದು: ಪಿವಿಸಿ ಪೈಪು, ಕೊಕ್ಕೆಯ ಹಾಗೆ ಸಿಕ್ಕಿಸುವ ರಾಡು, ಒಂದೇ ಸ್ಪ್ಯಾನರು. ಮಾರ್ಕ್ 2ರಲ್ಲಿ ವಾಷರ್ ಬದಲಿಸಬೇಕಾದರೂ ಕಬ್ಬಿಣದ ಪೈಪನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ನಾಲ್ಕು ಜನ, ಟ್ರೈಪಾಡು. ಅಫ್ರಿಡೆವ್‌ನಲ್ಲಿ ಪೈಪು ಅಲ್ಲೇ ಇರ್ತದೆ, ರಾಡು ಎಳೆದರೆ ಒಳಗಿನ ನೀರೆತ್ತುವ ಪ್ಲಂಜರ್ ಮೇಲೆ ಬಂತು. ಯು-ಸೀಲು, ಬಾಬಿನ್ನು, ಬುಷ್ ಬೇರಿಂಗು, ಸವೆಯುವುದು ಇಷ್ಟೇ. ಆದರೆ ಸುಮಾರು 45 ಮೀಟರಿಗಿಂತ ಆಳಕ್ಕೆ ಅದು ಆಗುವುದಿಲ್ಲ.

ಹಾಗಾಗಿ ನಿಂತ ಪಂಪು ಯಾಕೆ ನಿಂತಿದೆ ಅಂತ ಮೊದಲು ನೋಡಿ. ಸೀಲು ಹೋಗಿದೆಯೋ, ಪೈಪು ಒಡೆದಿದೆಯೋ, ಬಾವಿಯಲ್ಲಿ ಮರಳು ತುಂಬಿದೆಯೋ, ನೀರೇ ಇಳಿದಿದೆಯೋ? ಒಂದೊಂದರ ಖರ್ಚೂ ಅಜಗಜಾಂತರ. ಸೀಲಿನ ಸಮಸ್ಯೆಗೆ ಹೊಸ ಬೋರು ತೋಡಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ ಮಾರಾಯ್ರೆ.

ಮತ್ತೆ, ಜನ ಕುಡಿಯದ ಪಂಪಿನ ವಿಷಯ. ಚಿಲ್ವಾ ಉಪ್ಪುನೀರಿನ ಸರೋವರ, ಹೊರಕ್ಕೆ ಹರಿವೇ ಇಲ್ಲ. ಆ ಬಯಲಿನ ಅಂತರ್ಜಲವೂ ಕೆಲವು ಕಡೆ ಸವಳು. ನಿಮ್ಮ ಹೊಸ ಬೋರಿನಲ್ಲೂ ಅದೇ ಉಪ್ಪುನೀರು ಬಂದರೆ ಏನು ಮಾಡ್ತೀರಿ?

ಮಲಪ್ರಭಾ

ಭಟ್ಟರು ಪಂಪಿಂದು ಹೇಳಿದ್ರು, ನಾ ಪಾಯಖಾನಿದು ಹೇಳ್ತೀನಿ. ನಮ್ಮ ಜಿಲ್ಲಾದಾಗ ಶೌಚಾಲಯ ಸಮೀಕ್ಷೆ ಮಾಡಿ ಮಾಡಿ ಚಪ್ಪಲಿ ಸವದಾವು.

ತಂಗಿ, "ನಿಮ್ಮನ್ಯಾಗ ಶೌಚಾಲಯ ಐತೇನು" ಅಂತ ಕೇಳಬ್ಯಾಡ. ಐತಿ ಅಂತನ ಹೇಳ್ತಾರ. ನಮ್ಮ ಕಡೆ ಪುಸ್ತಕದಾಗ ನೂರಕ್ಕ ನೂರು ಇದ್ದ ಊರಾಗ ಬಾಗಲಾ ತಗದು ನೋಡಿದ್ರ ಒಳಗ ಕಟಗಿ, ಕುಳ್ಳು, ಮೇವು. "ನೋಡಬಹುದೇನ್ರಿ" ಅಂತ ಕೇಳಿ ಒಳಗ ಹೋಗು. ದಾರಿ ಸವದೈತೋ ಹುಲ್ಲು ಬೆಳದೈತೋ ನೋಡು, ಬಾಗಲಾ ಮ್ಯಾಲ ಜೇಡರಬಲಿ ಐತೇನು ನೋಡು. ಕೈ ತೊಳ್ಯಾಕ ನೀರು, ಸಾಬೂನು ಕೈಗೆ ಸಿಗೂ ಹಂಗ ಅದಾವೇನು? ಗುಂಡಿ ಮ್ಯಾಲ ಮುಚ್ಚಳ ಐತೇನು? ಇದನ್ನೆಲ್ಲ ಬಾಯಿಲೆ ಕೇಳೂದಲ್ಲ, ಕಣ್ಣಿಲೆ ನೋಡೂದು.

ಮಲಾವ್ಯಾಗ ಗುಂಡಿ ಶೌಚಾಲಯ ಬಹಳ. 2023ರ ಮಾರ್ಚಿನಾಗ ಫ್ರೆಡ್ಡಿ ಚಂಡಮಾರುತ ಬಂದಾಗ ದಕ್ಷಿಣದ ಜಿಲ್ಲಾದಾಗ ಎಷ್ಟೋ ಗುಂಡಿ ಕುಸದು ಬಿದ್ದಾವು. ಅದಕ್ಕ ಮೊದಲ 2022ರಾಗ ಶುರುವಾದ ಕಾಲರಾ ಆ ದೇಶದ ಇತಿಹಾಸದಾಗ ದೊಡ್ಡದು, ಸುಮಾರು 59 ಸಾವಿರ ಮಂದಿಗೆ ಬಂದು 1,700ಕ್ಕೂ ಹೆಚ್ಚು ಮಂದಿ ಸತ್ತರು. ಇದು ನೀವು ಹೋಗೂ ಮನಿ ಮಂದಿ ಕಂಡ ಸಂಗತಿ. "ನಿಮ್ಮನ್ಯಾಗ ಯಾರಿಗರ ಭೇದಿ ಆಗಿತ್ತೇನು" ಅಂತ ಪೆನ್ನು ಹಿಡಕೊಂಡು ಸಟಕ್ಕನ ಕೇಳಿದ್ರ, ಎದುರಿನಾಕಿ ಕೂಸು ಕಳಕೊಂಡಾಕಿ ಇರಬಹುದು.

ಇನ್ನೊಂದು. ನಿಮ್ಮ ತಂಡದಾಗ ಹೆಣಮಕ್ಕಳು ಎಷ್ಟು ಅದೀರಿ? ಮುಟ್ಟಿನ ವಿಷಯ, ರಾತ್ರಿ ಹೊರಗ ಹೋಗೂ ವಿಷಯ ಗಂಡಸರ ಮುಂದ ಯಾರೂ ಬಾಯಿ ಬಿಡೂದಿಲ್ಲ. ದುಭಾಷಿನೂ ಹೆಣಮಗಳ ಇರಬೇಕು, ಅದೂ ಅದ ಊರಾಕಿ ಇರಬಾರದು. ನೆರಮನಿ ಸೊಸಿ ಮುಂದ ಯಾರು ತಮ್ಮ ಕಷ್ಟ ಹೇಳ್ತಾರ?

ದಾವಣಗೆರೆ_ಬೆಣ್ಣೆ

ಅಕ್ಕಾ, ದುಭಾಷಿ ಬೇರೆ ಊರಿನವಳಾಗಿರಬೇಕು ಅನ್ನೋದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಸ್ಥಳೀಯ ಸಂಸ್ಥೆಯವರು ಹಳ್ಳಿಯ ಮುಖ್ಯಸ್ಥರ ಮಗನನ್ನ ಸೂಚಿಸಿದ್ದರು. ಇವತ್ತೇ ಬರೆದು ಕೇಳ್ತೀನಿ.

ಸೆಕೆಂಡ್_ಸೆಮ್

ಇದೆಲ್ಲ ಸರಿ, ಪರಿಹಾರ ಯಾವಾಗ? ಮಕ್ಕಳು ಆಡೋ ತಿರುಗಣಿಯಿಂದ ನೀರೆತ್ತೋ ಪಂಪು ನೋಡಿದ್ದೆ ಒಂದು ವಿಡಿಯೋದಲ್ಲಿ. ಆಟವೂ ಆಯ್ತು, ನೀರೂ ಬಂತು. ಅದನ್ನ ಹಾಕಿಬಿಡಿ, ಮುಗೀತು.

ಬ್ಲಾಂಟೈರ್_ಭಟ್ರು

ಪ್ಲೇಪಂಪ್ ಅಂತ ಅದರ ಹೆಸರು. ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿ ಮಲಾವಿಗೂ ಬಂತು. 2006ರಲ್ಲಿ ಅಮೆರಿಕದಲ್ಲಿ ಅದಕ್ಕೆ 1.64 ಕೋಟಿ ಡಾಲರಿನ ಘೋಷಣೆ ಆಯ್ತು, 2010ರ ಒಳಗೆ 4,000 ಪಂಪು ಅಂತ ಗುರಿ. ಒಂದೊಂದಕ್ಕೆ ಸುಮಾರು 14,000 ಡಾಲರ್. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಅಂತ ಒಂದು ಬ್ರಿಟಿಷ್ ಪತ್ರಿಕೆ ಲೆಕ್ಕ ಹಾಕಿತು! ಮಲಾವಿಯಲ್ಲಿ ಕೆಲವು ಕಡೆ ನಡೆಯುತ್ತಿದ್ದ ಅಫ್ರಿಡೆವ್ ಕಿತ್ತು ಅದನ್ನು ಕೂರಿಸಿದ್ದರು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ವಯಸ್ಸಾದ ಹೆಂಗಸರು ಬಗ್ಗಿ ಬಗ್ಗಿ ಆ ಚಕ್ರ ತಳ್ಳಬೇಕಿತ್ತು. ಕೆನಡಾದ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್‌ನ ಸ್ವಯಂಸೇವಕರೊಬ್ಬರು ಅಲ್ಲಿದ್ದುಕೊಂಡು ಇದನ್ನೆಲ್ಲ ಬರೆದು ಹೊರಗೆ ಹಾಕಿದರು. ಆ ಸಂಸ್ಥೆ 2008ರಿಂದ ತನ್ನದೇ ಸೋಲುಗಳ ವರದಿಯನ್ನೂ ಅಚ್ಚು ಹಾಕಿಸಿದ್ದುಂಟು, ಹುಡುಕಿ ಓದಿ.

ಆ ಪಂಪು ತಂದವರು ಕೆಟ್ಟವರೇನಲ್ಲ. ಕೊಡ ಹೊರುವವರನ್ನು ಕೇಳದೆ ದುಡ್ಡು ಕೊಡುವವರನ್ನು ಮೆಚ್ಚಿಸಲು ಹೊರಟರು, ಅಷ್ಟೆ.

ನೀರುಗಂಟಿ

ನಾನು ಪಾವಗಡ ಕಡೆಯವನು. ಇಲ್ಲಿ ಎಲ್ಲರೂ ಹೋಗೋರ ಕಡೆಯಿಂದ ಮಾತಾಡ್ತಿದ್ದೀರ. ಬರಮಾಡಿಕೊಳ್ಳೋರ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ ಕಣಮ್ಮ.

ನಮ್ಮ ನೀರಲ್ಲಿ ಫ್ಲೋರೈಡ್ ಇರೋದು ಎಲ್ರಿಗೂ ಗೊತ್ತು. ಹಲ್ಲು ಕಂದು ಬಣ್ಣ, ವಯಸ್ಸಾದೋರಿಗೆ ಮಂಡಿ ಮಡಚಕ್ಕಾಗಲ್ಲ. ಹಂಗಾಗಿ ನಮ್ಮೂರಿಗೆ ಸಮೀಕ್ಷೆ ಮಾಡೋರಿಗೆ ಬರ ಇಲ್ಲ. ಒಂದು ಸಲ ಹೊರದೇಶದ ವಿದ್ಯಾರ್ಥಿಗಳೂ ಬಂದಿದ್ರು. ಒಳ್ಳೆ ಮಕ್ಕಳು. ನಮ್ಮ ಜೊತೆ ಮುದ್ದೆ ಉಂಡ್ರು, ಮಕ್ಕಳ ಹಲ್ಲಿನ ಫೋಟೋ ತೆಗೆದ್ರು, ಸೀಸೆಗಳಲ್ಲಿ ನೀರು ತುಂಬ್ಕೊಂಡ್ರು. ಹೋದ್ರು. ಆ ನೀರಲ್ಲಿ ಏನಿತ್ತು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಎಷ್ಟೋ ದಿನ ನಮ್ಮಜ್ಜಿ ಕೇಳ್ತಿದ್ರು, "ಆ ಬಿಳೀ ಹುಡುಗಿ ಯಾವಾಗ ನೀರು ಕೊಡುಸ್ತಾಳಂತೆ?" ಆ ಹುಡುಗಿ ಕೊಡಿಸ್ತೀನಿ ಅಂತ ಹೇಳೇ ಇರ್ಲಿಲ್ಲ. ಆದ್ರೆ ಅಷ್ಟು ದೂರದಿಂದ ವಿಮಾನದಲ್ಲಿ ಬಂದು ಬರೀ ಪ್ರಶ್ನೆ ಕೇಳಕ್ಕೆ ಯಾರು ಬರ್ತಾರೆ ಅಂತ ಊರೋರು ಅಂದ್ಕೊಂಡಿದ್ರು.

ನಿಮ್ಮ ವಿಷಯದಲ್ಲೂ ಹಂಗೇ ಆಯ್ತದೆ. ನೀವು ಬಾಯಲ್ಲಿ "ಏನೂ ಭರವಸೆ ಕೊಡ್ತಿಲ್ಲ" ಅಂದ್ರೂ, ನೀವು ಬಂದಿರೋದೇ ಅವರಿಗೆ ಭರವಸೆ. ಅದಕ್ಕೆ ಮೊದಲ್ನೇ ಸಭೇಲೇ, ಎಲ್ಲರೂ ಕೂತಿರುವಾಗ ಹೇಳಿ: ಇಂಥಾ ತಿಂಗಳೊಳಗೆ ಉತ್ತರ ಕೊಡ್ತೀವಿ, ಆಗಲ್ಲ ಅನ್ನೋ ಉತ್ತರವೂ ಆಗಿರಬಹುದು, ಹೆಂಗಿದ್ರೂ ಬಂದು ತಿಳಿಸ್ತೀವಿ ಅಂತ.

ಇನ್ನೊಂದು, ಫಲಿತಾಂಶ ಅಲ್ಲೇ ಬಿಟ್ಟು ಬನ್ನಿ. ಬೆಂಗಳೂರಿನ ಅರ್ಘ್ಯಂ ಅನ್ನೋ ಸಂಸ್ಥೆ 2008–09ರಲ್ಲಿ ನಮ್ಮ ರಾಜ್ಯದ 172 ಗ್ರಾಮ ಪಂಚಾಯ್ತಿಗಳಲ್ಲಿ 17,200 ಮನೆ ಸಮೀಕ್ಷೆ ಮಾಡ್ದಾಗ ಮಾಹಿತೀನ ಪಂಚಾಯ್ತಿಗಳಿಗೇ ವಾಪಸ್ ತಗೊಂಡೋಗಿ ಕೊಡೋದನ್ನ ಕೆಲಸದ ಭಾಗವಾಗೇ ಇಟ್ಕೊಂಡಿತ್ತು. ನೀವು ಅಷ್ಟು ದೊಡ್ಡದು ಮಾಡ್ಬೇಕಿಲ್ಲ. ದೊಡ್ಡ ಹಾಳೇಲಿ ಊರಿನ ನಕ್ಷೆ ಬರೆದು, ಯಾವ ಬಾವಿ ನೀರು ಹೆಂಗಿದೆ ಅಂತ ಅವರ ಭಾಷೇಲೇ ಬರೆಸಿ, ಶಾಲೆ ಗೋಡೆಗೆ ಅಂಟಿಸಿ ಬನ್ನಿ.

ದಾವಣಗೆರೆ_ಬೆಣ್ಣೆ

ನಕ್ಷೆ ಖಂಡಿತ. ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರು ಇದೆ. "ಈ ಬಾವಿಯಲ್ಲಿ ಮಲದ ಬ್ಯಾಕ್ಟೀರಿಯಾ ಇದೆ" ಅಂತ ಗೋಡೆಗೆ ಅಂಟಿಸಿ ನಾವು ವಿಮಾನ ಹತ್ತಿದರೆ, ಮಾರನೇ ದಿನ ಅವರು ಏನು ಕುಡೀಬೇಕು? ಬೇರೆ ದಾರಿ ತೋರಿಸದೆ ಹೆದರಿಸಿದ ಹಾಗಾಗಲ್ವಾ?

ನೀರುಗಂಟಿ

ಹೇಳ್ದೆ ಇದ್ರೆ ಅದೇ ನೀರು ಕುಡೀತಾರೆ ತಾನೆ? ನಿಮ್ಮ ಸೀಸೇಲಿ ಏನಿತ್ತು ಅನ್ನೋದು ನಿಮಗೆ ಮಾತ್ರ ಗೊತ್ತಿರ್ಬೇಕು ಅಂತ ಯಾರು ಹೇಳಿದ್ದು?

ಕಲ್ಚರ್_ಪ್ಲೇಟ್

ಇಬ್ಬರ ಮಾತಲ್ಲೂ ಹುರುಳಿದೆ. ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿರುವ ನನ್ನ ಅನಿಸಿಕೆ: ಫಲಿತಾಂಶವನ್ನು ಆ ಭಾಗದ ಆರೋಗ್ಯ ಕಾರ್ಯಕರ್ತರ ಜೊತೆಗೇ ಹೇಳಿ. ಮಲಾವಿಯಲ್ಲಿ ಹೆಲ್ತ್ ಸರ್ವೇಲನ್ಸ್ ಅಸಿಸ್ಟೆಂಟ್ ಅಂತ ಇರ್ತಾರೆ, ಮನೆಮನೆಗೆ ಹೋಗುವವರು. ಕ್ಲೋರಿನ್ ಎಲ್ಲಿ ಸಿಗುತ್ತೆ, ಎಷ್ಟು ಹಾಕಬೇಕು ಎಂದು ಅವರೇ ತೋರಿಸಿಕೊಡಲಿ. ನೀವು ಹೊರಟ ಮೇಲೂ ಅವರು ಅಲ್ಲೇ ಇರ್ತಾರೆ.

ಈಗ ಕಿಟ್ ವಿಷಯ. ಇ. ಕೋಲಿ ಎಂಬ ಮಲದ ಬ್ಯಾಕ್ಟೀರಿಯಾ ಪತ್ತೆಗೆ 100 ಮಿಲಿ ನೀರು ಹಾಕುವ ಐದು ಖಾನೆಯ ಚೀಲ ಬರುತ್ತೆ, ಬಣ್ಣ ಬದಲಾದ ಖಾನೆ ನೋಡಿ ಅಂದಾಜು ಸಂಖ್ಯೆ ತೆಗೆಯಬಹುದು, ಕರೆಂಟು ಬೇಡ. ಅಗ್ಗದ್ದು ಬೇಕಿದ್ದರೆ ಎಚ್2ಎಸ್ ಸೀಸೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದವರು ಪ್ರಕಟಿಸಿದ ವಿಧಾನ ಅದು, ಇವತ್ತು ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿದೆ. ಸೀಸೆ ಕಪ್ಪಾದರೆ ಮಲದ ಸೋಂಕಿನ ಅನುಮಾನ. ಆದರೆ ಅಂತರ್ಜಲದಲ್ಲೇ ಸಲ್ಫೈಡ್ ಇದ್ದರೂ ಕಪ್ಪಾಗುತ್ತೆ, ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ. ಆಗಸ್ಟ್ ಅಲ್ಲಿ ಚಳಿಯ ಕೊನೆ, ರಾತ್ರಿ ತಂಪು. ಚೀಲಗಳನ್ನು ಬೆಚ್ಚಗೆ ಇಡುವ ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲದಿದ್ದರೆ ಫಲಿತಾಂಶ ತಡವಾಗಿ ಬರುತ್ತೆ ಅಥವಾ ತಪ್ಪಾಗಿ ಬರುತ್ತೆ. ಸೊಂಟಕ್ಕೆ ಕಟ್ಟಿಕೊಂಡು ಮಲಗುವವರೂ ಇದ್ದಾರೆ.

ಪಂಪಿನ ಬಾಯಲ್ಲಿ ಮಾತ್ರ ನೀರು ಹಿಡಿದರೆ ಅರ್ಧ ಕಥೆ ಅಷ್ಟೇ. ಅದೇ ಪಂಪಿನಿಂದ ನೀರು ತಂದ ಮನೆಗೆ ಹೋಗಿ, ಕುಡಿಯಲು ಇಟ್ಟ ಪಾತ್ರೆಯಿಂದ, ಅವರು ಯಾವ ಲೋಟ ಅದ್ದುತ್ತಾರೋ ಅದರಲ್ಲೇ ಕೊಡಿ ಎಂದು ಕೇಳಿ ಹಿಡಿಯಿರಿ. 100 ಮಿಲಿ ನೀರಿನಲ್ಲಿ ಇ. ಕೋಲಿ ಪಂಪಿನಲ್ಲಿ ಸೊನ್ನೆ, ಮನೆಯ ಪಾತ್ರೆಯಲ್ಲಿ ನೂರಕ್ಕೂ ಮೇಲೆ ಬರುವುದು ಅಪರೂಪವೇನಲ್ಲ. ಹಾಗೆ ಬಂದರೆ ಹೊಸ ಬೋರ್‌ವೆಲ್‌ನಿಂದ ಭೇದಿ ಹೆಚ್ಚೇನೂ ಕಡಿಮೆ ಆಗದೇ ಇರಬಹುದು. ಕುದಿಸಿ ಆರಿಸಿದ ನೀರಿನ ಒಂದು ಚೀಲವನ್ನೂ ದಿನಾ ಜೊತೆಗೆ ಹಚ್ಚಿ, ನಿಮ್ಮ ಕೈಯೇ ಕೊಳೆಯೋ ಎಂದು ಗೊತ್ತಾಗಲಿ. ಬಳಸಿದ ಚೀಲಕ್ಕೆ ಕ್ಲೋರಿನ್ ಹಾಕಿ ಕೊಂದೇ ಎಸೆಯಿರಿ.

ರಾಸಾಯನಿಕಕ್ಕೆ ಬಂದರೆ ವಿದ್ಯುತ್ ವಾಹಕತೆಯ ಮೀಟರು ಮೊದಲು, ಭಟ್ಟರು ಹೇಳಿದ ಸವಳಿನ ಲೆಕ್ಕ ಅದರಲ್ಲೇ ಸಿಗುತ್ತೆ. ಆಮೇಲೆ ಫ್ಲೋರೈಡ್ (ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಗ್ರಾಂ), ನೈಟ್ರೇಟ್, ಪಿಎಚ್. ನೀರು ಹುಳಿಯಿದ್ದರೆ ಕಬ್ಬಿಣದ ರಾಡು ತಿಂದುಹಾಕುತ್ತೆ, ಆಗ ಕೆಂಪು ನೀರು. ಜನ ಕುಡಿಯದೇ ಇರುವುದಕ್ಕೆ ಅದೂ ಕಾರಣ ಇರಬಹುದು.

ಬ್ಲಾಂಟೈರ್_ಭಟ್ರು

ಕಾಲದ ವಿಷಯ ಬಿಟ್ಟುಹೋಯ್ತು. ಅಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್. ಆಗಸ್ಟಿನಲ್ಲಿ ರಸ್ತೆ ಒಣಗಿರ್ತದೆ, ಕೊಯ್ಲು ಮುಗಿದು ಜನ ಮನೆಯಲ್ಲಿ ಸಿಕ್ತಾರೆ, ನಿಮಗೆ ಅನುಕೂಲ. ಆದರೆ ಬಾವಿಗಳು ತೀರಾ ಕೆಳಗಿಳಿಯುವುದು ಅಕ್ಟೋಬರ್, ನವೆಂಬರಿನಲ್ಲಿ. ಆಗಸ್ಟಿನಲ್ಲಿ "ನೀರು ಸಾಕಷ್ಟು ಉಂಟು" ಅಂತ ಬರೆದುಕೊಂಡರೆ ಮೋಸ ಹೋದಿರಿ. ಶೌಚಾಲಯ ಕುಸಿಯುವುದು, ಗುಂಡಿ ತುಂಬಿ ಹರಿಯುವುದು ಜನವರಿಯ ಕಥೆ, ಅದೂ ನಿಮಗೆ ಕಾಣ್ಲಿಕ್ಕಿಲ್ಲ. ಊರಿನ ಹೆಂಗಸರನ್ನು ಕೂರಿಸಿ, ಹನ್ನೆರಡು ತಿಂಗಳಿಗೆ ಹನ್ನೆರಡು ಗೆರೆ ಎಳೆದು, ಯಾವ ತಿಂಗಳಲ್ಲಿ ಎಲ್ಲಿಂದ ನೀರು ಅಂತ ಜೋಳದ ಕಾಳು ಇಡ್ಲಿಕ್ಕೆ ಹೇಳಿ.

ಹೋಗುವ ಕ್ರಮವೂ ಮುಖ್ಯ. ನೇರ ಹಳ್ಳಿಗೆ ಇಳಿಯಬೇಡಿ. ಮೊದಲು ಜಿಲ್ಲಾ ಕೌನ್ಸಿಲಿನ ನೀರಿನ ಕಚೇರಿ, ಮತ್ತೆ ಟ್ರೆಡಿಷನಲ್ ಅಥಾರಿಟಿ ಅಂತ ಕರೆಯುವ ದೊಡ್ಡ ಮುಖ್ಯಸ್ಥರು, ಅವರ ಕೆಳಗೆ ಗುಂಪು ಹಳ್ಳಿಗಳ ಮುಖ್ಯಸ್ಥರು, ಆಮೇಲೆ ಹಳ್ಳಿ. ಆ ಕಚೇರಿಯಲ್ಲಿ ನಿಮ್ಮ ಪಂಪುಗಳ ಹಳೆಯ ದಾಖಲೆ, ಬೋರಿನ ಆಳ ಸಿಗಬಹುದು. ಆ ಭಾಗದ ಪಂಪು ಮೆಕ್ಯಾನಿಕ್ ಯಾರು ಅಂತಲೂ ಅಲ್ಲೇ ಕೇಳಿ. ನಿಮ್ಮ ತಂಡದ ಎಲ್ಲ ಎಂಜಿನಿಯರಿಗಿಂತ ಅವ ಹೆಚ್ಚು ಬಲ್ಲ.

ಪ್ರತಿ ಪಂಪಿಗೂ ನೀರಿನ ಸಮಿತಿ ಇರಬೇಕು ಅಂತ ನಿಯಮ. ಇದೆಯೋ, ಹಣ ಎತ್ತುತ್ತದೋ, ಆ ಹಣ ಎಲ್ಲಿದೆ ಅಂತ ಕೇಳಿ. 2023ರ ನವೆಂಬರಿನಲ್ಲಿ ಅಲ್ಲಿನ ನಾಣ್ಯ ಕ್ವಾಚಾದ ಬೆಲೆ ಬಿದ್ದು ಡಾಲರ್ ಒಂದೇ ಏಟಿಗೆ 44 ಶೇಕಡಾ ತುಟ್ಟಿಯಾಯ್ತು. ಮೊದಲು ಕೂಡಿಟ್ಟ ಹಣದಲ್ಲಿ ಹೊರಗಿನಿಂದ ಬರುವ ಬಿಡಿಭಾಗ ಕೊಳ್ಳಲಿಕ್ಕೆ ಆಗದೆ ಕೈಕಟ್ಟಿ ಕೂತ ಸಮಿತಿಗಳುಂಟು. ಅವರು ಸೋಮಾರಿಗಳು ಅಂತ ವರದಿಯಲ್ಲಿ ಬರೆದುಬಿಡಬೇಡಿ.

ಸಂದೇಹಿ

ಭಟ್ರೇ, ನಿಮ್ಮ ಮಾತು ಕೇಳಿದ ಮೇಲೆ ಸ್ವಲ್ಪ ಸಮಾಧಾನ. ಹೋಗಲಿ. ಆದರೆ "ನಿಮ್ಮ ಊರಿಗೊಂದು ಬೋರ್‌ವೆಲ್" ಅಂತ ಪೋಸ್ಟರ್ ಹಾಕಿ ಚಂದಾ ಎತ್ತಬೇಡಿ. ಬೋರ್‌ವೆಲ್‌ಗೆ ಅಂತ ದುಡ್ಡು ಬಂದಮೇಲೆ, ಬೇಕೋ ಬೇಡವೋ ಬೋರ್‌ವೆಲ್ಲೇ ತೋಡಿಸಬೇಕಾಗುತ್ತೆ.

ದಾವಣಗೆರೆ_ಬೆಣ್ಣೆ

ಪೋಸ್ಟರ್ ಆಗಲೇ ಹೊರಗೆ ಹೋಗಿದೆ. ತಂಡದಲ್ಲಿ ಇದರ ಮೇಲೇ ಜಗಳ ನಡೀತಿದೆ. ಬೋರ್‌ವೆಲ್ ಬೇಡ ಅಂತ ಮೊದಲೇ ತೀರ್ಮಾನ ಮಾಡೋದೂ ಅಷ್ಟೇ ತಪ್ಪು ಅಂತ ನನಗನ್ನಿಸುತ್ತೆ, ಬೇಕೂ ಆಗಬಹುದಲ್ಲ. ನೋಡೋಣ.

ಈಗಿನ ಯೋಜನೆ: ಮೊದಲ ದಿನಗಳು ಕಚೇರಿ ಮತ್ತು ಮುಖ್ಯಸ್ಥರ ಭೇಟಿಗೆ. ಆಮೇಲೆ ಒಂದು ಇಡೀ ದಿನ ಬೆಳಗಿನ ಜಾವದಿಂದ ಕತ್ತಲಾಗೋ ತನಕ ಪಂಪಿನ ಹತ್ತಿರ ಕೂತು ಯಾರು ಬರ್ತಾರೆ, ಎಷ್ಟು ಹೊತ್ತು ಕಾಯ್ತಾರೆ, ಎಷ್ಟು ಬಕೆಟ್ ಒಯ್ತಾರೆ ಅಂತ ಬರ್ಕೊಳ್ಳೋದು. ಹೋಗಿ, ಸಾಲಲ್ಲಿ ನಿಂತು, ವಾಪಸ್ ಬರೋಕೆ ಒಟ್ಟು 30 ನಿಮಿಷ ದಾಟಿದರೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅದು "ಮೂಲಭೂತ" ಸೌಲಭ್ಯವೂ ಅಲ್ಲವಂತೆ, ಆ ಗಡಿಯನ್ನೇ ಹಿಡೀತೀವಿ. ಮನೆ ಸಮೀಕ್ಷೆಗೆ ಕೋಬೋ ಆ್ಯಪ್, ನೆಟ್ ಇಲ್ಲದಿದ್ದರೂ ನಡೆಯುತ್ತೆ.

ಮಲಪ್ರಭಾ

ಪ್ರಶ್ನೆ ಎಷ್ಟು ಮಾಡಿದೀ?

ದಾವಣಗೆರೆ_ಬೆಣ್ಣೆ

ಸದ್ಯಕ್ಕೆ ಎಂಬತ್ತೆರಡು.

ಮಲಪ್ರಭಾ

ಅಯ್ಯ ಶಿವನ! ಆಕಿ ಒಲಿ ಮ್ಯಾಲ ಅಡಿಗಿ ಇಟ್ಟಿರ್ತಾಳ ತಂಗಿ. ಇಪ್ಪತ್ತೈದಕ್ಕ ಇಳಸು. ಒಂದೊಂದು ಪ್ರಶ್ನೆಗೂ "ಇದರ ಉತ್ತರ ಬಂದ್ರ ನಾವು ಏನು ಬ್ಯಾರೆ ಮಾಡ್ತೀವಿ" ಅಂತ ಕೇಳ್ಕೊ. ಏನೂ ಇಲ್ಲಾಂದ್ರ ಹೊಡದ ಹಾಕು.

ಕಲ್ಚರ್_ಪ್ಲೇಟ್

ನಿಮ್ಮ ಆರೋಗ್ಯದ ಬಗ್ಗೆ ಯಾರೂ ಹೇಳಿಲ್ಲ. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿ ಮೊದಲೇ ಶುರು ಮಾಡಿ. ಹೊಳೆಯಲ್ಲಿ ಹರಿವು ಅಳೆಯುತ್ತೇವೆ ಎಂದು ಬರಿಗಾಲಲ್ಲಿ ಇಳಿಯಬೇಡಿ, ಅಲ್ಲಿನ ಕೆರೆ ಹೊಳೆಗಳಲ್ಲಿ ಬಿಲ್ಹಾರ್ಜಿಯಾ ಎಂಬ ಹುಳುವಿನ ರೋಗ ಇದೆ, ಆ ಹುಳು ಚರ್ಮದ ಮೂಲಕವೇ ಒಳಹೋಗುತ್ತೆ. ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗಿ, ಅದೇ ದಾರಿಯಲ್ಲಿ ಊರಿಗೆ ಬಂದು ಹೋಗುವ ಯೋಚನೆ ಇದ್ದರೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಇಟ್ಟುಕೊಳ್ಳಿ. ಹಾಕಿಸಿ 10 ದಿನ ಆಗಿರದಿದ್ದರೆ ಅದು ನಡೆಯಲ್ಲ.

ದಾವಣಗೆರೆ_ಬೆಣ್ಣೆ

ಕೊನೆಯದಾಗಿ ಭಟ್ಟರಿಗೆ ಎರಡು ಪ್ರಶ್ನೆ. ಸಭೆಗೆ ಬಂದವರಿಗೆ, ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಕಾ? ಮತ್ತೆ ನಡೀತಿರೋ ಪಂಪನ್ನ ಬಿಚ್ಚಿ ನೋಡಬಹುದಾ, ಅಥವಾ ಮುಟ್ಟದಿರೋದು ಒಳ್ಳೇದಾ?

ಬ್ಲಾಂಟೈರ್_ಭಟ್ರು

ಸಭೆಗೆ ಅಲವೆನ್ಸ್ ಕೇಳುವ ರೂಢಿ ಅಲ್ಲಿ ಗಟ್ಟಿಯಾಗಿ ಬೇರೂರಿದೆ, ಅದನ್ನು ಬೆಳೆಸಿದ್ದೂ ನಮ್ಮಂಥ ಹೊರಗಿನವರೇ. ಊರ ಸಭೆಗೆ ತಿಂಡಿ, ಸೋಡಾ ಸಾಕು. ಮೆಕ್ಯಾನಿಕ್ ಕೆಲಸಗಾರ, ಅವನಿಗೆ ಕೂಲಿ ಕೊಡಲೇಬೇಕು, ಆದರೆ ಜಿಲ್ಲಾ ಕಚೇರಿಯವರು ಹೇಳುವ ದರ. ನೀವು ಡಾಲರಿನ ಧಾರಾಳ ತೋರಿಸಿದರೆ ನಾಳೆ ಊರಿನವರು ಕರೆದಾಗ ಅವ ಆ ಕೂಲಿಗೆ ಬರುವುದಿಲ್ಲ.

ಪಂಪು ಬಿಚ್ಚುವ ಮೊದಲು ಹೊರಗಿಂದಲೇ ಸಾಕಷ್ಟು ತಿಳೀತದೆ. 20 ಲೀಟರಿನ ಬಕೆಟ್ ತುಂಬಲಿಕ್ಕೆ ಎಷ್ಟು ಸಲ ಒತ್ತಬೇಕು ಲೆಕ್ಕ ಮಾಡಿ. ಅರ್ಧ ಗಂಟೆ ಯಾರೂ ಮುಟ್ಟದ ಹಾಗೆ ಬಿಟ್ಟು ಮತ್ತೆ ಒತ್ತಿ. ನೀರು ಕೂಡಲೇ ಬಂದರೆ ಸರಿ, ತುಂಬ ಸಲ ಒತ್ತಿದ ಮೇಲೆ ಬಂದರೆ ಕೆಳಗಿನ ಫುಟ್‌ವಾಲ್ವ್ ಅಥವಾ ಪೈಪು ಸೋರ್ತದೆ. ಇಷ್ಟಾಗಿಯೂ ಬಿಚ್ಚಬೇಕಾದರೆ ಸಮಿತಿಯ ಒಪ್ಪಿಗೆ ತೆಗೆದುಕೊಂಡು ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ, ನೀವು ನೋಡಿ. ಬೆಳಿಗ್ಗೆ ಬೇಡ, ಆಗ ಸಾಲು ಇರ್ತದೆ. ಮಧ್ಯಾಹ್ನ ಮೇಲೆ ಶುರು ಮಾಡಿ, ಹಿಂದಿನ ದಿನವೇ ಊರಿಗೆ ತಿಳಿಸಿ. ಹೊಸ ಯು-ಸೀಲು, ಬಾಬಿನ್ನು ಕಿಸೆಯಲ್ಲಿ ಇರಲಿ, ಬಿಚ್ಚುವಾಗ ಹಳೆಯದು ಹರಿದರೆ ಪಂಪು ನಿಲ್ಲಿಸಿ ಹೋದವರು ಅಂತ ಹೆಸರು ಬರ್ತದೆ. ರಾಡು ನೆಲದ ಮೇಲೆ ಇಡಬೇಡಿ, ತಾರ್ಪಾಲು ಹಾಸಿ. ಮುಚ್ಚಿದ ಮೇಲೆ ಬಾವಿಗೆ ಕ್ಲೋರಿನ್ ಹಾಕಿ ರಾತ್ರಿ ಬಿಟ್ಟು, ಬೆಳಗಿನ ಸಾಲು ಬರುವ ಮೊದಲೇ ವಾಸನೆ ಹೋಗುವ ತನಕ ಒತ್ತಿ ಚೆಲ್ಲಿ. ಆ ಒತ್ತುವ ಕೆಲಸ ಮಾತ್ರ ನಿಮ್ಮ ವಿದ್ಯಾರ್ಥಿಗಳೇ ಮಾಡಲಿ.